ಟಾಕೀಸಿನ ಟ್ರಾನ್ಸ್‌ಫಾರ್ಮರ್

ಟಾಕೀಸು ಮುಚ್ಚಿದ ಮೇಲೆ ಅದರ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರನ್ನು ಹವ್ಯಾಸಿಯೊಬ್ಬ ಕೊಂಡುತಂದು, ಮಿಂಚು ಹಾರಿಸುವ ಟೆಸ್ಲಾ ಕಾಯಿಲ್‌ಗೆ ಜೋಡಿಸಿದ. ನಡುವೆ ಕಾವಲಿಗೆಂದು ಎರಡು ಹಿತ್ತಾಳೆ ಗುಂಡುಗಳನ್ನು ಸಣ್ಣ ಸಂದು ಬಿಟ್ಟು ಎದುರುಬದುರು ಕೂರಿಸಿ, ಅಲ್ಲಿಂದ ನೆಲಕ್ಕೆ ತಂತಿ ಎಳೆದ.

"ನನಗೇಕೆ ಕಾವಲು?" ಎಂದು ಟ್ರಾನ್ಸ್‌ಫಾರ್ಮರ್ ಗುಡುಗಿತು. "ಟಾಕೀಸಿನ ಹೆಸರನ್ನು ಊರಿಗೆಲ್ಲ ಕಾಣುವಂತೆ ಒಬ್ಬನೇ ಬೆಳಗಿದವನು ನಾನು."

"ಅಲ್ಲಿ ನೀವು ಕೊಟ್ಟದ್ದು ಬೆಳಕಾಗಿ ಹೋಗುತ್ತಿತ್ತು, ಯಜಮಾನರೇ," ಎಂದವು ಗುಂಡುಗಳು. "ಇಲ್ಲಿ ಕೊಟ್ಟದ್ದು ಉಕ್ಕಿ ನಿಮ್ಮ ಮೇಲೆಯೇ ನುಗ್ಗುತ್ತದೆ."

ಸ್ವಿಚ್ ಹಾಕಿದೊಡನೆ ಕಾಯಿಲ್ ಮಿಂಚಿತು. ಹಿಂದಕ್ಕೆ ನುಗ್ಗಿದ ವಿದ್ಯುತ್ತನ್ನು ಗುಂಡುಗಳು ಮೈಮೇಲೆ ಎಳೆದುಕೊಂಡು ನೆಲಕ್ಕಿಳಿಸಿದವು. ಅವುಗಳ ಮುಖ ಕಪ್ಪಾಯಿತು.

ಟ್ರಾನ್ಸ್‌ಫಾರ್ಮರ್ ಮೆಲ್ಲನೆ ಹೇಳಿತು: "ನನ್ನ ಬೋರ್ಡಿನ ಕೆಳಗೆ ಗೇಟ್‌ಕೀಪರ್ ದ್ಯಾವಣ್ಣ ನಿಲ್ಲುತ್ತಿದ್ದ. ಹೊಸ ಸಿನಿಮಾ ಬಂದ ದಿನ ನುಗ್ಗುವ ಜನಕ್ಕೆ ಎದೆಯೊಡ್ಡುತ್ತಿದ್ದ. ಆಟ ಶುರುವಾಗುವ ಹೊತ್ತಿಗೆ ಅವನ ಅಂಗಿಯಲ್ಲಿ ಒಂದು ಗುಂಡಿಯೂ ಉಳಿದಿರುತ್ತಿರಲಿಲ್ಲ. ನನ್ನದೇ ಬೆಳಕಿನಲ್ಲಿ ನಡೆದದ್ದು ನನಗೆ ಇವತ್ತು ಕಾಣುತ್ತಿದೆ."