ತಟ್ಟೆಯ ಅಂಚಿನವಳು

ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು ರೇಷ್ಮೆಗೂಡು ಬಿಟ್ಟು ಚಿಟ್ಟೆಗಳಾಗಿ ಹೊರಬಂದರು. ಹುಳುವಾಗಿದ್ದಾಗ ಸಾಕಣೆಯ ತಟ್ಟೆಯ ನಡುವೆ ಹಿಪ್ಪುನೇರಳೆ ಸೊಪ್ಪು ಮೆದ್ದು ಬೆಳೆದ ಅಕ್ಕ ದಪ್ಪಗಿದ್ದಳು. ಅಂಚಿನಲ್ಲಿ ಒಣಕಲು ತಿಂದ ತಂಗಿ ಸಣಕಲಾಗಿದ್ದಳು.

ಅಕ್ಕ ನೂರಾರು ಮೊಟ್ಟೆಗಳನ್ನು ಇಡುತ್ತಾ ಹೇಳಿದಳು: "ನಾನು ಅಮ್ಮನ ಹಾಗೆ."

"ನಾನೂ ಅವಳ ಮಗಳೇ ಅಲ್ಲವೇ?" ಎಂದಳು ತಂಗಿ. ಅವಳ ಹೊಟ್ಟೆಯಲ್ಲಿ ಇದ್ದುದು ಒಂದೇ ಮೊಟ್ಟೆ. ಪಕ್ಕದ ತಟ್ಟೆಯಲ್ಲಿ ಎಳೆಯ ಸೊಪ್ಪು ಕಂಡು ಅವಳ ಜೀವ ತಡೆಯಲಿಲ್ಲ. "ಈಗಲಾದರೂ ಹೊಟ್ಟೆ ತುಂಬ ತಿಂದರೆ ನನಗೂ ನಿನ್ನಷ್ಟು ಮಕ್ಕಳಾದಾವು, ಅಕ್ಕಾ," ಎಂದು ತೆವಳಿ ಅಲ್ಲಿಗೆ ಹೋದಳು.

"ಚಿಟ್ಟೆಯಾದ ಮೇಲೆ ನಮಗೆ ತಿನ್ನುವ ಬಾಯಿಲ್ಲ, ತಂಗೀ."

ತಂಗಿ ಎಲೆಗೆ ಮುಖ ಒತ್ತಿದಳು; ಒಂದು ಚೂರೂ ಹರಿಯಲಿಲ್ಲ. ಆಮೇಲೆ ತಟ್ಟೆಯ ನಟ್ಟನಡುವಿಗೆ ನಡೆದು, ಆ ಒಂದು ಮೊಟ್ಟೆಯನ್ನು ಎಳೆ ಎಲೆಯ ಮೇಲಿಟ್ಟು ಹೇಳಿದಳು:

"ಇಲ್ಲಿಂದ ಕದಲಬೇಡ, ಕಂದಾ."