ಗೌರವ್ವನ ಖಾಲಿ ಕಾರ್ಡು

ನದಿ ದಂಡೆಯ ಆಶ್ರಮವೊಂದರಲ್ಲಿ ಒಬ್ಬ ಗುರು ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಗಡ್ಡವಿರಲಿಲ್ಲ, ಪವಾಡ ಬರುತ್ತಿರಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು.

ಆಶ್ರಮದ ದವಾಖಾನೆಯ ರೋಗಿಗಳ ವಿವರವೆಲ್ಲ ಕಂಪ್ಯೂಟರಿನಲ್ಲಿತ್ತು. ಅದನ್ನು ತೆಗೆದುಕೊಡುವ ಆಜ್ಞೆಗಳನ್ನು ಬರೆದವನು ಶಿಷ್ಯ ಮೃಡೇಶ. ಅವುಗಳಲ್ಲಿ ಒಂದಕ್ಕೆ ಅವನು ‘ಹುಡುಕು’ ಎಂದು ಹೆಸರಿಟ್ಟಿದ್ದ. ರೋಗಿ ಸಿಕ್ಕರೆ ಅದು ಅವರ ಕಾರ್ಡು ಕೊಡುತ್ತಿತ್ತು. ಸಿಗದಿದ್ದರೆ ಆ ಹೆಸರಿನಲ್ಲಿ ಹೊಸ ಖಾಲಿ ಕಾರ್ಡು ಮಾಡಿ, ಸದ್ದಿಲ್ಲದೆ ಅದನ್ನೇ ಕೊಡುತ್ತಿತ್ತು.

ಮೃಡೇಶನಿಗೆ ಇದು ಜಾಣತನ ಅನಿಸಿತ್ತು.

ಅಡುಗೆಯ ಗೌರವ್ವನಿಗೆ ಜ್ವರ ಬಂತು. ದವಾಖಾನೆಗೆ ಆಕೆ ಹಿಂದೆಂದೂ ಬಂದವಳಲ್ಲ. ಈಗ ಮಾತಾಡುವ ಸ್ಥಿತಿಯೂ ಇರಲಿಲ್ಲ. ಡಾಕ್ಟರು ಹೆಸರು ಒತ್ತಿದರು, ಕಾರ್ಡು ಬಂತು. ಒಗ್ಗದ ಔಷಧಿಗಳ ಜಾಗ ಖಾಲಿ. ಕಾರ್ಡಿದೆ ಎಂದಮೇಲೆ ಹಿಂದೆ ಯಾರೋ ವಿಚಾರಿಸಿಯೇ ಇರುತ್ತಾರೆ, ಒಗ್ಗದ್ದು ಯಾವುದೂ ಇಲ್ಲ ಎಂದುಕೊಂಡು ಇಂಜೆಕ್ಷನ್ ಕೊಟ್ಟರು.

ಗೌರವ್ವನ ಮುಖ ಊದಿತು. ಉಸಿರು ಸಿಕ್ಕಿಕೊಂಡಿತು. ಜೀಪಿನಲ್ಲಿ ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು.

ಮೃಡೇಶ ಗುರುವಿನ ಬಳಿ ಬಂದ. ಆಜ್ಞೆ ಏನೇನು ಮಾಡುತ್ತದೆಂದು ದವಾಖಾನೆಗೆ ಕೊಟ್ಟ ವಿವರಣೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದೇ ಇದ್ದೇನೆ, ಓದದವರ ತಪ್ಪು ಎಂದ.

ಗುರು ಒಳಗೆ ಹೋಗಿ ಲೋಟ ತಂದರು.

“ಪಾನಕ. ಕುಡಿ.”

ಮೃಡೇಶ ಒಂದು ಗುಟುಕು ಕುಡಿದು ಉಗುಳಿದ. ಬರೀ ಉಪ್ಪುನೀರು.

“ಲೋಟದ ತಳಕ್ಕೆ ಚೀಟಿ ಅಂಟಿಸಿದ್ದೇನೆ,” ಎಂದರು ಗುರು. “ಓದಲಿಲ್ಲವೇನೋ?”

ಮೃಡೇಶ ಬಾಯಿ ಒರೆಸಿಕೊಂಡ. “ಡಾಕ್ಟರಾದರೂ ಒಂದು ಮಾತು ಕೇಳಬಹುದಿತ್ತು, ಗುರುಗಳೇ.”

“ಕೇಳಿದರಲ್ಲ. ಹೆಸರು ಒತ್ತಿ ನಿನ್ನನ್ನೇ ಕೇಳಿದರು. ನಿನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಿನಗೆ ಬಾಯಿ ಬರಲಿಲ್ಲ.”

ಗೌರವ್ವ ಬದುಕಿದ್ದಾಳೆಂದು ಸಂಜೆ ಸುದ್ದಿ ಬಂತು. ಮೃಡೇಶ ಕೂತು ಆಜ್ಞೆಯನ್ನು ಒಡೆದು ಎರಡು ಮಾಡಿದ. ‘ಹುಡುಕು’ ಇನ್ನು ಹುಡುಕುವುದು ಮಾತ್ರ. ಸಿಗದಿದ್ದರೆ ‘ಇಲ್ಲ’ ಎನ್ನುವುದು. ಇನ್ನೊಂದರ ಹೆಸರು ‘ಹುಡುಕಿ, ಇಲ್ಲದಿದ್ದರೆ ಹೊಸದು ಮಾಡು’.

ಉಳಿದ ಶಿಷ್ಯರು ನಕ್ಕರು. ಇದು ಆಜ್ಞೆಯೋ ಗೂಡ್ಸ್ ರೈಲೋ ಎಂದು ಕೇಳಿದರು. ಕೆಲವು ದಿನ ಸಹಿಸಿಕೊಂಡ ಮೃಡೇಶ ಕೊನೆಗೆ ಗುರುವಿನ ಬಳಿ ಹೋದ.

“ಹೆಸರು ತೀರಾ ಉದ್ದವಾಯಿತು, ಗುರುಗಳೇ. ಚಿಕ್ಕದು ಮಾಡಲೇ?”

ಹೊರಗೆ ಜೀಪು ನಿಂತಿತು. ಇಬ್ಬರು ಹಿಡಿದು ಇಳಿಸಿದ ಗೌರವ್ವ ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು. ಮುಖದ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಗುರು ಅತ್ತ ನೋಡಿದರು.

“ಮಾಡು. ಅವಳೆದುರು ಕೂತು ಮಾಡು.”