ಎರಡು ಎಂಜಿನ್ ಜೋಡಿಸಿದ ಮೋನಪ್ಪ ಮೇಸ್ತ್ರಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಹೇಳಲು ಬರುವುದಿಲ್ಲ, ಬರೆದದ್ದಂತೂ ಇಲ್ಲವೇ ಇಲ್ಲ. ಈ ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದವರೆಲ್ಲ ತೀರಿಹೋಗಿದ್ದಾರೆ, ಅದಕ್ಕೇ ನಾನು ಬರೆಯಲು ಕೂತಿದ್ದೇನೆ. ನಡುನಡುವೆ ಸಿಟ್ಟು ಬಂದರೆ ಅದಕ್ಕೂ ಕ್ಷಮೆ ಇರಲಿ. ಈ ಕಥೆ ಸಿಟ್ಟಿನದೇ.

ಕಾಲ ಯಾವುದೋ ಗೊತ್ತಿಲ್ಲ, ತುಂಬ ಹಿಂದೆ, ಹೊನ್ನಗುಂಡಿ ಎಂಬ ಊರಿನಲ್ಲಿ ಒಂದು ಕಲ್ಲಿನ ಕಣಿ ಇತ್ತಂತೆ. ಕಣಿ ಅಂದರೆ ಕಲ್ಲು ಕಡಿದು ಕಡಿದು ನೆಲದಲ್ಲಿ ಆದ ದೊಡ್ಡ ಗುಂಡಿ. ತಳದಲ್ಲಿ ಲಾರಿಗೆ ಕಲ್ಲು ತುಂಬಬೇಕು, ಮೂರು ತಿರುವಿನ ಏರು ಹತ್ತಿಸಿ ಮೇಲೆ ತರಬೇಕು. ಆಗಿನ ಲಾರಿಗಳಿಗೆ ಅಷ್ಟು ದಮ್ಮು ಇರಲಿಲ್ಲ. ಅರ್ಧ ಹತ್ತಿ ನಿಲ್ಲುತ್ತಿದ್ದವು, ನಿಂತು ಹಿಂದಕ್ಕೆ ಜಾರುತ್ತಿದ್ದವು. ಅದಕ್ಕೇ ಲಾರಿಯ ಹಿಂದೆ ಒಬ್ಬರು ಅಡೆಗಟ್ಟಿಗೆ ಹಿಡಿದು ನಡೆಯುವ ಪದ್ಧತಿ ಇತ್ತಂತೆ. ಲಾರಿ ನಿಂತ ಕೂಡಲೇ ಆ ಕಟ್ಟಿಗೆಯನ್ನು ಚಕ್ರದಡಿ ತುರುಕಬೇಕು. ತಡವಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಕಣಿಯ ಮಾಲೀಕ ಸಿದ್ರಾಮಗೌಡ ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಮನುಷ್ಯ ಚಕ್ರದಡಿ ಸಾಯುತ್ತಾನೆ. ಇಬ್ಬರು ಸತ್ತಿದ್ದರು. ಎರಡನೆಯವನ ಹೆಂಡತಿ ದುರುಗವ್ವ. ಗಂಡ ಸತ್ತ ಮೂರನೇ ವಾರ ಅವನ ಕಟ್ಟಿಗೆಯನ್ನು ಅವಳ ಕೈಗೇ ಕೊಟ್ಟರಂತೆ.

ಮೋನಪ್ಪ ಆ ಕಣಿಯ ಮೇಸ್ತ್ರಿ, ಲಾರಿ ರಿಪೇರಿ ಅವನದು. ದುರುಗವ್ವ ಅವನ ಮುಂದೆ ಹಾದುಹೋಗುವಾಗೆಲ್ಲ ಚುಚ್ಚುತ್ತಿದ್ದಳಂತೆ. "ಏನ್ರೀ ಮೇಸ್ತ್ರಿ, ಎಂಜಿನ್‌ಗೆ ಎಣ್ಣಿ ಕುಡಸ್ತೀರಿ, ನನಗ ಬರೀ ಹೊಗಿ ಕುಡಸ್ತೀರಿ. ನನ್ನನ್ನೂ ಒಮ್ಮೆ ರಿಪೇರಿ ಮಾಡ್ರಿ!" ಎಲ್ಲರೂ ನಗುತ್ತಿದ್ದರಂತೆ. ಮೋನಪ್ಪ ನಗುತ್ತಿರಲಿಲ್ಲವಂತೆ.

ಒಂದು ದಿನ ಅವನು ಗೌಡರ ಮುಂದೆ ನಿಂತು, ಇನ್ನು ಮೇಲೆ ಯಾರೂ ಲಾರಿಯ ಹಿಂದೆ ನಡೆಯಬಾರದು, ಒಂದು ಎಂಜಿನ್ ಸಾಲದಿದ್ದರೆ ಎರಡು ಹಾಕುತ್ತೇನೆ ಅಂದನಂತೆ. ಗೌಡರಿಗೆ ಖುಷಿಯಾಯಿತು. ಒಂದೇ ಸಲಕ್ಕೆ ಎರಡು ಪಟ್ಟು ಕಲ್ಲು ಬರುತ್ತದಲ್ಲ ಅಂತ. ಅವರಿಗೆ ಕೇಳಿಸಿದ್ದು ಅಷ್ಟೇ.

ಹಳೆ ಬಸ್ಸಿನದೊಂದು, ಗುಜರಿಗೆ ಬಂದಿದ್ದ ಲಾರಿಯದೊಂದು, ಹೀಗೆ ಒಂದೇ ಜಾತಿಯ ಎರಡು ಎಂಜಿನ್ ತಂದನಂತೆ. ಅವನ ಸಿಟ್ಟಿಗೇ ಕಬ್ಬಿಣ ಕಾಯುತ್ತಿತ್ತು, ಕುಲುಮೆ ಹಚ್ಚಲೇ ಇಲ್ಲ ಅನ್ನುತ್ತಾರೆ. ಅದು ಸುಳ್ಳಿರಬೇಕು, ಇದ್ದಿಲಿಲ್ಲದೆ ಕಬ್ಬಿಣ ಕಾಯುವುದಿಲ್ಲ. ಆದರೆ ಹಾಗೆ ಅನ್ನುತ್ತಾರೆ. ಲಾರಿಯ ಮೂತಿ ಎಷ್ಟು ಉದ್ದವಾಯಿತೆಂದರೆ ಅದರ ಮೇಲೆ ಇಬ್ಬರು ಕಾಲು ಚಾಚಿ ಮಲಗಬಹುದಿತ್ತು ಅನ್ನುತ್ತಾರೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ಎರಡು ಎಂಜಿನ್‌ಗಳನ್ನು ಎದುರುಬದುರು ಇಟ್ಟರೆ ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ ತಿರುಗುತ್ತದೆ. ಆದ್ದರಿಂದ ಒಂದರ ಬೆನ್ನಿಗೆ ಇನ್ನೊಂದರ ಮೂತಿ ಬರಬೇಕು, ಎತ್ತುಗಳು ಸಾಲಾಗಿ ನಡೆದಂತೆ. ನಡುವೆ ಕಪ್ಲಿಂಗ್, ಅಂದರೆ ತಟ್ಟೆಯಂಥ ಎರಡು ದಪ್ಪ ಕಬ್ಬಿಣ. ಅದಕ್ಕೆ ಸುತ್ತ ಆರು ತೂತು, ಆರು ಬೋಲ್ಟು. ಆರು ತೂತಿದ್ದರೆ ಆರು ರೀತಿ ಕೂರಿಸಬಹುದು, ಆದರೆ ಸರಿಯಾದದ್ದು ಒಂದೇ. ಆ ಒಂದರಲ್ಲಿ, ಮುಂದಿನ ಎಂಜಿನ್ ಒದ್ದು ಉಸಿರು ತೆಗೆದುಕೊಳ್ಳುವಾಗ ಹಿಂದಿನದು ಒದೆಯುತ್ತದೆ. ಉಳಿದ ಐದರಲ್ಲಿ ಹೊಡೆತ ಹೆಚ್ಚುಕಮ್ಮಿಯಾಗಿ ಬೋಲ್ಟು ತುಂಡಾಗುತ್ತದೆ. ಆ ಒಂದನ್ನು ಹುಡುಕಿ ಮೋನಪ್ಪ ಎರಡು ತಟ್ಟೆಗೂ ಸೇರಿಸಿ ಸುಣ್ಣದ ಗೀಟು ಎಳೆದಿದ್ದನಂತೆ. ಆಮೇಲೆ ಬೋಲ್ಟು ಬಿಚ್ಚಿಟ್ಟು, ಇವು ಸಣ್ಣವು, ದಪ್ಪದ್ದು ಮಾಡಿಸಿಕೊಂಡು ಬರುತ್ತೇನೆ, ಯಾರೂ ಮುಟ್ಟಬೇಡಿ ಅಂತ ಪಕ್ಕದ ಊರಿನ ಲೇತಿಗೆ ಹೋದನಂತೆ.

ಮರುದಿನ ಆಯುಧಪೂಜೆ. ಗೌಡರು ಲಾರಿ ತೊಳೆಸಿದರು. ಎಂಜಿನ್ ಒರೆಸಿ ಫಳಫಳ ಹೊಳೆಯಿಸಿದರು. ಸುಣ್ಣದ ಗೀಟು ಅಸಹ್ಯ ಕಂಡಿತಂತೆ, ಒರೆಸಿಸಿ ಅಲ್ಲೇ ವಿಭೂತಿ ಬಳಿಸಿದರು. ಒರೆಸುವಾಗ ತಟ್ಟೆಗಳು ತಿರುಗಿಹೋದವು. ಮುಹೂರ್ತ ಮೀರುತ್ತದೆಂದು ಹಳೆ ಬೋಲ್ಟನ್ನೇ ಬಿಗಿಸಿ, ಕಲ್ಲು ತುಂಬಿಸಿ, ದುರುಗವ್ವನನ್ನು ಹಿಂದೆ ನಿಲ್ಲಿಸಿ ಲಾರಿ ಬಿಟ್ಟರಂತೆ. ಎರಡು ಎಂಜಿನ್ ಇದೆಯಲ್ಲ, ಹಿಂದೆ ನಾನು ಯಾಕೆ ಅಂತ ಅವಳು ಕೇಳಿದ್ದಕ್ಕೆ, ಪದ್ಧತಿ ಬಿಡಬಾರದು ಅಂದರಂತೆ!

ಎರಡನೇ ತಿರುವಿನಲ್ಲಿ ಬೋಲ್ಟು ತುಂಡಾಯಿತು. ಲಾರಿ ಜಾರಿತು. ಅವಳು ಕಟ್ಟಿಗೆ ತುರುಕಿದಳು, ಅದು ಪುಡಿಯಾಯಿತು. ಲಾರಿ ಬಂಡೆಗೆ ಒರಗಿ ನಿಂತಿತು. ಅವಳ ಜೀವ ಉಳಿಯಿತು, ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಮೋನಪ್ಪ ಹೊಸ ಬೋಲ್ಟುಗಳನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಾಗ ಗೌಡರು, "ಹೋದದ್ದು ಒಂದು ಗೀಟು ಅಲ್ಲೇನೋ? ಇನ್ನೊಂದು ಎಳಿ" ಅಂದರಂತೆ.

"ಎಳಿತೀನ್ರೀ. ಆದ್ರ ಈ ಸಲ ಹಿಂದ ಕಟ್ಟಿಗಿ ಹಿಡದು ನೀವ ನಡೀಬೇಕು."

ಗೌಡರು ಬೈದರು. ಬೇರೆ ಮೇಸ್ತ್ರಿಗಳನ್ನು ಕರೆಸಿದರು. ಬಂದವರು ವಿಷಯ ಕೇಳಿ ಸ್ಪ್ಯಾನರ್ ಕೆಳಗಿಟ್ಟು ಹೋದರಂತೆ. ಕಣಿಯವರು ಯಾರೂ ಕಲ್ಲು ಮುಟ್ಟಲಿಲ್ಲ. ಹನ್ನೊಂದು ದಿನ ಅನ್ನುತ್ತಾರೆ, ಒಂದು ತಿಂಗಳು ಅನ್ನುವವರೂ ಇದ್ದಾರೆ. ಕೊನೆಗೆ ಗೌಡರು ಇಳಿದು ಬಂದರು. ಮೋನಪ್ಪ ಈ ಸಲ ಸುಣ್ಣ ಹಚ್ಚಲಿಲ್ಲ, ಗೀಟನ್ನು ಉಳಿಯಿಂದ ಕೊರೆದ. ದಪ್ಪ ಬೋಲ್ಟು ಬಿಗಿದ. ಲಾರಿ ಹೊರಟಿತು. ಹಿಂದೆ ಗೌಡರು.

ಲಾರಿ ಎಲ್ಲೂ ನಿಲ್ಲದೆ ಮೂರು ತಿರುವನ್ನೂ ಏರಿತಂತೆ. ಮೇಲೆ ಬಂದಾಗ ಗೌಡರ ಮುಖ ಹೊಗೆಯಿಂದ ಕಪ್ಪಗಾಗಿತ್ತು, ಕೈಯೊಳಗಿನ ಕಟ್ಟಿಗೆ ಬಿಡಿಸಲು ಇಬ್ಬರು ಬೇಕಾದರಂತೆ. ದುರುಗವ್ವ ಹತ್ತಿರ ಬಂದು, "ಹೆಂಗೈತ್ರೀ ಹೊಗಿ?" ಅಂತ ಕೇಳಿದಳಂತೆ.

ಈಗಿನ ಲಾರಿಗಳಿಗೆ ಒಂದೇ ಎಂಜಿನ್ ಸಾಕು, ಬ್ರೇಕೂ ಗಟ್ಟಿ. ಆದರೂ ನಾನು ದುಡಿಯುವ ನಮ್ಮ ಕಣಿಗೆ ಹೊಸ ಲಾರಿ ಬಂದರೆ ಮೊದಲ ಸಲ ಕಲ್ಲು ತುಂಬಿ ಏರುವಾಗ ಮಾಲೀಕರೇ ಹಿಂದೆ ಕಟ್ಟಿಗೆ ಹಿಡಿದು ನಡೆಯಬೇಕು. ಇಲ್ಲದಿದ್ದರೆ ಡ್ರೈವರ್ ಸ್ಟೇರಿಂಗ್ ಮುಟ್ಟುವುದಿಲ್ಲ. ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಚಕ್ರದ ನೇರಕ್ಕೆ ನಡೆಯಬಾರದು, ಸ್ವಲ್ಪ ಹೊರಗೆ, ಅದು ಯಾಕೆಂದರೆ…

ಹೊರಗಿನಿಂದ ಕರೆಯುತ್ತಿದ್ದಾರೆ. ಇವತ್ತು ಬಂದ ಹೊಸ ಲಾರಿಯ ಮಾಲೀಕರು ಕಾರಿನಿಂದ ಇಳಿಯುವುದಿಲ್ಲ ಅಂತಿದ್ದಾರಂತೆ, ತಮ್ಮ ಬದಲಿಗೆ ಮ್ಯಾನೇಜರನ್ನು ಕಳಿಸಿದ್ದಾರಂತೆ. ಡ್ರೈವರ್ ಕೀಲಿ ಜೇಬಿಗೆ ಹಾಕಿಕೊಂಡು ಕೆಳಗೆ ಕೂತಿದ್ದಾನೆ. ನಾನು ಹೋಗಿ ಅವನ ಪಕ್ಕ ಕೂರಬೇಕು, ಯಾಕೆಂದರೆ…